ಭಾನುವಾರ ಮಿಕ್ಸಿ ಹಾಕಿದ್ದೇ ತಪ್ಪಾಯ್ತು

ಜರ್ಮನಿಗೆ ಹೋದವರು ಮೊದಲು ಕಲಿಯೋದು ಸಮಯಪಾಲನೆ ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಅದಕ್ಕಿಂತ ಕಷ್ಟವಾಗಿದ್ದು ಭಾನುವಾರ. ಮಂಡ್ಯದಿಂದ ಮ್ಯೂನಿಕ್‌ಗೆ ಬಂದ ಮೊದಲ ವಾರವೇ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿ 'ಇವತ್ತು ಭಾನುವಾರ' ಅಂದರು, ಅಷ್ಟೇ. ಅವತ್ತು ಗದ್ದಲ ಮಾಡುವ ಹಾಗಿಲ್ಲ. ಅಂಗಡಿಗಳೂ ಹೆಚ್ಚುಕಮ್ಮಿ ಎಲ್ಲಾ ಬಂದ್. ಶನಿವಾರವೇ ಹಾಲು ತರದಿದ್ದರೆ ಕಾಫಿ ಆಸೆ ಬಿಡಬೇಕು. ನಮ್ಮಲ್ಲಾದರೆ ಭಾನುವಾರವೇ ಮಟನ್ ಅಂಗಡಿ ಮುಂದೆ ಜಾತ್ರೆ, ಅಲ್ವಾ?

ಇನ್ನು ಖಾಲಿ ಪ್ಲಾಸ್ಟಿಕ್ ಬಾಟಲಿ. ಅಂಗಡಿಯ ಮೆಷಿನ್‌ಗೆ ಹಾಕಿದರೆ, ಕೊಳ್ಳುವಾಗ ಜಾಸ್ತಿ ಕಟ್ಟಿದ್ದ 25 ಸೆಂಟ್ ವಾಪಸ್. ಈಗ ಊರಿಗೆ ಬಂದಾಗಲೂ ನೀರಿನ ಬಾಟಲಿ ಬಿಸಾಡಲು ಕೈ ಬರುವುದಿಲ್ಲ. 'ಗುಜರಿ ಅಂಗಡಿ ಇಡ್ತೀಯೇನ್ಲಾ?' ಅಂತ ಅಮ್ಮ ನಗುತ್ತಾಳೆ.