‘ಇತ್ತು’ ಎಂಬ ಪ್ರವಾಸಿ ತಾಣ

ಬೆಂಗಳೂರಿನ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂದು ಶಿರಸಿಯಿಂದ ಬಂದ ಸೋದರಮಾವ ಹಟ ಹಿಡಿದಾಗ ನಾನು ಹಾಕಿದ್ದು ಒಂದೇ ಷರತ್ತು: ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಪೇಟೆಯನ್ನು ನೋಡಬೇಕಾದರೆ ಪೇಟೆ ಮುಚ್ಚಿರಬೇಕು ಎಂಬುದು ಇಲ್ಲಿನ ಪಾರಂಪರಿಕ ನಡಿಗೆಯ ಮೊದಲ ಸೂತ್ರ. ಅಂಗಡಿಗಳು ತೆರೆದ ಮೇಲೆ ಚಿಕ್ಕಪೇಟೆಯಲ್ಲಿ ಕಾಣುವುದು ಮುಂದೆ ಹೋಗುವವರ ಬೆನ್ನು ಮಾತ್ರ, ಮತ್ತು ಬೆನ್ನುಗಳಿಗೆ ಇನ್ನೂ ಪಾರಂಪರಿಕ ಮಾನ್ಯತೆ ದೊರೆತಿಲ್ಲ.

ನಮ್ಮ ಗುಂಪಿಗೆ ದಾರಿ ತೋರಿಸಲು ಬಂದಿದ್ದ ಯುವಕ ಇತಿಹಾಸವನ್ನು ಚೆನ್ನಾಗಿಯೇ ಓದಿಕೊಂಡಿದ್ದ. ಆದರೆ ಅವನ ಮಾತೆಲ್ಲ ಒಂದೇ ಕ್ರಿಯಾಪದದ ಮೇಲೆ ನಿಂತಿತ್ತು. ಇಲ್ಲಿ ಕೋಟೆ ಇತ್ತು, ಇಲ್ಲಿ ಕಂದಕ ಇತ್ತು, ಇಲ್ಲಿ ಕಟ್ಟೆ ಇತ್ತು ಎಂದು ಅವನು ಹೇಳಿದಲ್ಲೆಲ್ಲ ನಾವು ಕತ್ತೆತ್ತಿ, ವಿದ್ಯುತ್ ತಂತಿಗಳನ್ನೂ ಅವುಗಳ ಮೇಲೆ ಕುಳಿತ ಪಾರಿವಾಳಗಳನ್ನೂ ಭಕ್ತಿಯಿಂದ ನೋಡಿದೆವು. ಮಾವ ನಿವೃತ್ತ ಕನ್ನಡ ಮೇಷ್ಟ್ರು. ಮನೆಮಾತು ಹವ್ಯಕ, ಅದರಲ್ಲಿ ‘ಇದೆ’ ಎನ್ನುವುದಕ್ಕೆ ‘ಇದ್ದು’ ಎನ್ನುತ್ತಾರೆ. ಹುಡುಗ ‘ಇತ್ತು’ ಎಂದಾಗಲೆಲ್ಲ ಅವರು ನನ್ನ ಕಿವಿಯ ಬಳಿ ಬಗ್ಗಿ, “ಈಗ ಎಲ್ಲಿದ್ದು ಮಾರಾಯ?” ಎಂದು ಕೇಳುತ್ತಿದ್ದರು.

ಎಲ್ಲಿದ್ದು ಎಂಬುದಕ್ಕೆ ನಗರದ ಬಳಿ ಉತ್ತರ ಇಲ್ಲದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಗೆ ಯಲಹಂಕ, ಹಲಸೂರು, ಆನೇಕಲ್ಲು, ಕೆಂಗೇರಿಗಳ ಕಡೆಗೆ ಬಾಗಿಲುಗಳಿದ್ದವು. ಹಲಸೂರು ಬಾಗಿಲನ್ನು 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಬಹಳ ಕಷ್ಟಪಟ್ಟು ಒಡೆದು ಒಳನುಗ್ಗಿತು. ಮಿಕ್ಕ ಕೆಲಸವನ್ನು ಮುಂದಿನವರು ಮದ್ದುಗುಂಡಿನ ಖರ್ಚಿಲ್ಲದೆ ಪೂರೈಸಿದರು. ಇಂದು ಆ ಬಾಗಿಲು ‘ಹಲಸೂರು ಗೇಟ್’ ಎಂಬ ಪೊಲೀಸ್ ಠಾಣೆಯ ಹೆಸರಿನಲ್ಲಿ ಭದ್ರವಾಗಿದೆ. ಕಾಣೆಯಾದ ಗೇಟಿನ ಹೆಸರನ್ನು, ಕಾಣೆಯಾದವರ ದೂರು ಬರೆದುಕೊಳ್ಳುವ ಕಟ್ಟಡಕ್ಕೇ ಇಟ್ಟಿರುವ ಔಚಿತ್ಯವನ್ನು ಮಾವ ಬಹಳವಾಗಿ ಮೆಚ್ಚಿಕೊಂಡರು. ಎದುರಿಗಿನ ಚಹಾದವನನ್ನು, “ಗೇಟು ಎಲ್ಲಪ್ಪ?” ಎಂದು ಕೇಳಿದರೆ ಅವನು ಬಸ್ ನಿಲ್ದಾಣದ ಕಡೆ ಕೈ ತೋರಿಸಿದ.

ಹೆಸರುಗಳ ವಿಷಯದಲ್ಲಿಯೂ ನಾವು ಪೂರ್ತಿ ಪ್ರಾಮಾಣಿಕರಲ್ಲ. ಊರಿನ ಬೆನ್ನೆಲುಬಾಗಿದ್ದ ದೊಡ್ಡಪೇಟೆಗೆ ಈಗ ಅವೆನ್ಯೂ ರಸ್ತೆ ಎಂದು ಹೆಸರು. ಸಾಲುಮರದ ಹಾದಿ ಎಂಬ ಅರ್ಥದ ಈ ಹೆಸರನ್ನು ಹೊತ್ತ ಬೀದಿಯುದ್ದಕ್ಕೂ ನಾನು ನೆರಳಿಗಾಗಿ ಹುಡುಕಿದೆ. ಸಿಕ್ಕಿದ್ದು ಹಳೆಯ ಪುಸ್ತಕ ಮಾರುವವನೊಬ್ಬ ಕಟ್ಟಿದ್ದ ನೀಲಿ ಟಾರ್ಪಾಲಿನ ನೆರಳು. ಅದರ ಅಡಿಯಲ್ಲಿ ಪಿಯುಸಿ ಗೈಡುಗಳ ರಾಶಿಯ ಮೇಲೆ ಒಂದು ಬೆಕ್ಕು ಮಲಗಿತ್ತು. ಇಡೀ ನಡಿಗೆಯಲ್ಲಿ ಕಾಲು ಚಾಚಲು ಸ್ಥಳ ಸಿಕ್ಕಿದ್ದು ಅದಕ್ಕೊಂದಕ್ಕೇ.

ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಕೂಡುವ ಚೌಕದಲ್ಲಿ ಎತ್ತುಗಳನ್ನು ಹೂಡಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ ಕೆಂಪೇಗೌಡರು ಊರಿನ ಬೀದಿಗಳನ್ನು ಗುರುತಿಸಿದರೆಂಬ ಪ್ರತೀತಿ ಇದೆ. ಪರಂಪರೆ ನಿಂತುಹೋಯಿತೆಂದು ಕೊರಗುವವರು ಇಲ್ಲಿಗೊಮ್ಮೆ ಬರಬೇಕು. ಕೆಂಪೇಗೌಡರು ಒಮ್ಮೆ ಉತ್ತದ್ದನ್ನು ನಾವು ನೀರಿಗೊಮ್ಮೆ, ಒಳಚರಂಡಿಗೊಮ್ಮೆ, ಕೇಬಲ್ಲಿಗೊಮ್ಮೆ ಎಂದು ಬಿಡುವಿಲ್ಲದೆ ಉಳುತ್ತಲೇ ಬಂದಿದ್ದೇವೆ, ಮತ್ತು ಒಬ್ಬರು ಎಳೆದ ಸಾಲು ಮುಚ್ಚುವ ಮೊದಲೇ ಮತ್ತೊಬ್ಬರು ಅಡ್ಡಸಾಲು ಎಳೆಯುವಷ್ಟು ಕೃಷಿಶ್ರದ್ಧೆ ನಮ್ಮಲ್ಲಿದೆ. ಬಿತ್ತನೆಯೊಂದು ಬಾಕಿ. ಮಾವ ಪಂಚೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ತೋಟದ ಕಾಲುವೆ ದಾಟುವವರಂತೆ ಅಭ್ಯಾಸಬಲದಿಂದ ದಾಟಿಬಿಟ್ಟರು. ನಗರವಾಸಿಯಾದ ನನಗೆ ಅವರೇ ಕೈ ಕೊಡಬೇಕಾಯಿತು.

ಮಣ್ಣಿನ ಕೋಟೆಯಲ್ಲದೆ ಇದ್ದ ಇನ್ನೊಂದು ಕಲ್ಲಿನ ಕೋಟೆಯ, ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ತುಣುಕಿನಲ್ಲಿ, 1791ರ ಮಾರ್ಚ್ 21ರ ಬ್ರಿಟಿಷ್ ದಾಳಿ ಈ ಬಿರುಕಿನ ಮೂಲಕವೇ ನಡೆಯಿತೆಂದು ಸಾರುವ ಇಂಗ್ಲಿಷ್ ಫಲಕವಿದೆ. ಗೋಡೆ ಒಡೆದ ಜಾಗಕ್ಕೆ ಫಲಕ. ಅವರು ಒಡೆಯದೆ ಬಿಟ್ಟ ಗೋಡೆ ಯಾರ ಕಡತದ ಯಾವ ಟಿಪ್ಪಣಿಯ ಮೂಲಕ ಹೋಯಿತೆಂಬುದಕ್ಕೆ ಫಲಕವಿಲ್ಲ. ಹೋದ ಗೋಡೆಗೂ ಒಂದೊಂದು ಫಲಕ ಹಾಕಿಸುವುದಾದರೆ, ಆ ಫಲಕಗಳನ್ನೇ ಒತ್ತಾಗಿ ಜೋಡಿಸಿ ಕೋಟೆಯನ್ನು ಮತ್ತೆ ಕಟ್ಟಬಹುದು.

ದೇವರಿಗೆ ಕೆಲಸವಿರುವ ವಸ್ತು ಮಾತ್ರ ಈ ಊರಿನಲ್ಲಿ ಬದುಕುತ್ತದೆ ಎಂಬುದು ಅಂದಿನ ನನ್ನ ಸಂಶೋಧನೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಎದ್ದರೂ ಒಂದು ಪುಟ್ಟ ಕಲ್ಯಾಣಿ ಉಳಿದಿರುವುದು, ಕರಗದ ವಿಧಿಗಳಿಗೆ ಅದು ಪ್ರತಿವರ್ಷ ಬೇಕು ಎಂಬ ಕಾರಣಕ್ಕೆ. ಕೋಟೆಯ ಬಾಗಿಲುಗಳಿಗೂ ವರ್ಷಕ್ಕೊಂದು ಪೂಜೆ ಗೊತ್ತುಮಾಡದೆ ಹೋದದ್ದು ಕೆಂಪೇಗೌಡರ ದೂರದೃಷ್ಟಿಯ ಕೊರತೆಯೆಂದೇ ಹೇಳಬೇಕು.

ರಾತ್ರಿ ಶಿರಸಿ ಬಸ್ಸಿಗೆ ಮಾವನನ್ನು ಹತ್ತಿಸಲು ಮೆಜೆಸ್ಟಿಕ್ಕಿಗೆ ಹೋದೆವು. ಇಲ್ಲಿ ಧರ್ಮಾಂಬುಧಿ ಎಂಬ ಕೆರೆ ಇತ್ತು ಎಂದು, ಬೆಳಗಿನಿಂದ ಅಂಟಿದ ಚಾಳಿಯಂತೆ, ನಾನೂ ಹೇಳಿದೆ. ಅಷ್ಟರಲ್ಲಿ ಮಳೆ ಸುರಿಯಿತು. ಹತ್ತೇ ನಿಮಿಷದಲ್ಲಿ ನೀರು ನಮ್ಮ ಕಾಲಡಿಗೆ ಬಂತು. ಯಾರದೋ ಹವಾಯಿ ಚಪ್ಪಲಿಯೊಂದು ನಿಧಾನವಾಗಿ ತೇಲುತ್ತ ಹೋಯಿತು. ಮಾವ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಅಂದು ಮೊದಲ ಬಾರಿಗೆ ಸಮಾಧಾನದ ದನಿಯಲ್ಲಿ ಹೇಳಿದರು: “ಕೆರೆ ಇನ್ನೂ ಇದ್ದು ಮಾರಾಯ.”