ಎಡಗೆನ್ನೆಯ ಇಂಟರ್‌ವ್ಯೂ

ಹಿಂದಿನ ರಾತ್ರಿ ಭಾವ ಫೋನ್ ಮಾಡಿದ್ದರು. "ಉತ್ತರ ಯಾರು ಬೇಕಾದ್ರೂ ಹೇಳ್ತಾರೆ ಕಣೋ. ನೀನು ಎದುರಿಗೆ ಕೂತವರ ಮುಖ ಓದ್ಬೇಕು. ಮುಖ ಹುಳ್ಳಗಾಯ್ತೋ, ತಕ್ಷಣ ದಾರಿ ಬದಲಿಸು. ಅವರು ಹೇಗೆ ಕೂರ್ತಾರೋ ಹಾಗೇ ಕೂತ್ಕೊ. ನಮ್ಮ ಹುಡುಗ ಅನ್ನಿಸುತ್ತೆ." ಭಾವ ಕೊನೆಯ ಇಂಟರ್‌ವ್ಯೂ ಕೊಟ್ಟಿದ್ದು 1994ರಲ್ಲಿ ಅನ್ನೋದು ಆಗ ನನಗೆ ಹೊಳೆಯಲಿಲ್ಲ.

ಇದು 2019ರ ಮಾತು. ಬಿ.ಕಾಂ. ಆಗಿತ್ತು, ಲೆಕ್ಕಪತ್ರ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿತಿದ್ದೆ. ತುಮಕೂರಿನಿಂದ ಬಸ್ಸು, ನಾಗಸಂದ್ರದಲ್ಲಿ ಮೆಟ್ರೊ. ಜಯನಗರದಲ್ಲಿ ಇಳಿಯುವ ಹೊತ್ತಿಗೆ ಇಸ್ತ್ರಿ ಶರ್ಟು ಹೋಳಿಗೆ ಕಟ್ಟಿ ತಂದ ಪೇಪರಿನ ಹಾಗಾಗಿತ್ತು.

ಆಡಿಟರ್ ಸಾಹೇಬರು ಒಳಗೆ ಕರೆದರು. ನನ್ನ ಬಗ್ಗೆ ಹೇಳಿದ್ದಾಯ್ತು. ಅದು ಬಾಯಿಪಾಠ, ತೊಂದರೆ ಇರಲಿಲ್ಲ.

"ಜಿಎಸ್‌ಟಿಆರ್-3ಬಿ ಯಾವಾಗ ಹಾಕ್ಬೇಕು?" ಅಂದರೆ, ತಿಂಗಳ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್.

"ಮುಂದಿನ ತಿಂಗಳು 20ರ ಒಳಗೆ, ಸರ್."

ಅವರು ಒಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ, ಮುಖ ಕಿವುಚಿದರು. ಭಾವನ ಮಾತು ನೆನಪಾಯಿತು.

"ಅಲ್ಲ ಸರ್, 11ರ ಒಳಗೆ."

ಮುಖ ಇನ್ನೂ ಕಿವುಚಿತು. 11 ಅನ್ನೋದು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ತಾರೀಖು. ಗೊತ್ತಿದ್ದ ಸರಿ ಉತ್ತರವನ್ನು ಕೈಯಾರೆ ಕೊಂದಿದ್ದೆ. ಇನ್ನೊಂದು ತಾರೀಖು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವರು ಬಲಗೆನ್ನೆಗೆ ಅಂಗೈ ಕೊಟ್ಟು ಮೇಜಿಗೆ ಒರಗಿದರು. ನಾನು ಎಡಗೆನ್ನೆಗೆ ಕೊಟ್ಟೆ. ಕನ್ನಡಿ ಲೆಕ್ಕದಲ್ಲಿ ಎಡ ತಾನೇ ಬರೋದು? ಅಷ್ಟೊಂದು ತಯಾರಿ ನನ್ನದು.

ಸಾಹೇಬರು ನನ್ನನ್ನೇ ನೋಡಿದರು. "ನಿಮಗೂ ಹಲ್ಲುನೋವಾ?"

ಏನು ಹೇಳೋದು? "ಹೌದು ಸರ್."

"ದವಡೆಯದಾ?"

"ದವಡೆಯದೇ."

ಮುಂದಿನ ಹತ್ತು ನಿಮಿಷ ಜಿಎಸ್‌ಟಿ ಸುದ್ದಿಯೇ ಇಲ್ಲ. ರೂಟ್ ಕೆನಾಲ್‌ಗೆ ಎಷ್ಟು ಸಲ ಹೋಗಬೇಕು, ತಣ್ಣೀರು ತಗುಲಿದರೆ ಹೇಗೆ ಜೀವ ಹೋಗುತ್ತೆ, ಇದೇ ಮಾತು. ನಾನು ಹಲ್ಲಿಲ್ಲದ ಅಜ್ಜಿಯನ್ನು ನೆನೆದುಕೊಂಡು ತಲೆಯಾಡಿಸಿದೆ. ಅವರು ಡ್ರಾಯರಿನಿಂದ ಎರಡು ಲವಂಗ ತೆಗೆದು, ಒಂದನ್ನು ನನಗೆ ಕೊಟ್ಟರು. "ಕಚ್ಚಿ ಇಟ್ಕೊಳ್ಳಿ. ಇದರಲ್ಲಿ ಯೂಜಿನಾಲ್ ಅಂತ ಇರುತ್ತೆ, ಮರಗಟ್ಟಿಸುತ್ತೆ."

ನೋವಿದ್ದವರಿಗೆ ಮರಗಟ್ಟಿಸುತ್ತೇನೋ. ಗಟ್ಟಿ ಹಲ್ಲಿದ್ದ ನನಗೆ ನಾಲಿಗೆ ಉರಿದು, ಕಣ್ಣಲ್ಲಿ ನೀರು ತುಂಬಿತು. ಸಾಹೇಬರು ಅದೇ ಹೊತ್ತು ನೋಡಿ ಸಂಬಳದ ವಿಷಯ ತೆಗೆದರು.

"ಹದಿನಾಲ್ಕು ಸಾವಿರ ಕೊಡೋಣ ಅಂತ."

ನನ್ನ ಕಣ್ಣಿಂದ ಒಂದು ಹನಿ ಫೈಲಿನ ಮೇಲೆ ಬಿತ್ತು.

"ಅಯ್ಯೋ, ಅಳಬೇಡಿ ಮಾರಾಯ್ರೇ. ಹದಿನಾರು ಮಾಡೋಣ ಬಿಡಿ."

ಬಾಯಲ್ಲಿ ಲವಂಗ. ಮಾತಾಡೋಕೆ ಆಗದೆ ಕೈ ಮುಗಿದೆ.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. "ನಾನು ಹೇಳ್ಲಿಲ್ವಾ?" ಅಂದರು.

ಕೆಲಸಕ್ಕೆ ಸೇರಿದ ದಿನ ನೋಡಿದರೆ, ನನ್ನ ಮೇಜಿನ ಎದುರಿನ ಕ್ಯಾಲೆಂಡರಿನಲ್ಲಿ 20ನೇ ತಾರೀಖಿಗೆ ಕೆಂಪು ಇಂಕಿನಲ್ಲಿ ಎರಡು ಸುತ್ತು ಹಾಕಿತ್ತು. ಕೆಳಗೆ ಒಂದು ಪುಟ್ಟ ಡಬ್ಬಿ. ತೆರೆಯುವ ಮೊದಲೇ ಘಮ ಬಂತು.