ಮಂಡಿಯೂರಿದರೆ ಕಾಣುವ ಹೂವು

ಫೆಬ್ರವರಿಯ ಒಂದು ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಗೆ ಇಡಲು ಹೋದವನಿಗೆ ಪಕ್ಕದ ಮನೆಯ ಹಿರಿಯರು ಹೂಪಾತಿಯ ಕೆಸರಿನಲ್ಲಿ ಬೋರಲು ಬಿದ್ದಿರುವುದು ಕಾಣಿಸಿತು. ಎಂಬತ್ತರ ಆಸುಪಾಸಿನ ವಯಸ್ಸು. ಎದೆ ಧಸಕ್ಕೆಂದಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಬೇಲಿ ದಾಟಿ ಓಡಿದರೆ, ಅವರು ತಲೆ ಕೂಡ ಎತ್ತದೆ ಅಂಗೈ ಅಡ್ಡ ಹಿಡಿದು, "ಅಲ್ಲೇ ನಿಲ್ಲಿ, ತುಳಿದುಬಿಡುತ್ತೀರಿ!" ಎಂದರು. ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಅದರ ಆಚೆ ಗೇಣುದ್ದವೂ ಇಲ್ಲದ ಒಂದು ಬಿಳಿ ಹೂವು ತಲೆ ತಗ್ಗಿಸಿ ನಿಂತಿತ್ತು.

ಅದು ಸ್ನೋಡ್ರಾಪ್. ನಾನಿರುವ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಜನವರಿ ಕಳೆಯುವ ಹೊತ್ತಿಗೆ ಚರ್ಚಿನ ಅಂಗಳ, ಹಳ್ಳದ ದಂಡೆ, ಬೋಳು ಮರಗಳ ಬುಡ ಎಲ್ಲೆಲ್ಲೂ ಅದೇ. ವರ್ಷಾನುಗಟ್ಟಲೆ ನಾನು ಅದನ್ನು ನೋಡಿದ್ದು ಯಾರೋ ಅನ್ನ ಚೆಲ್ಲಿದ್ದಾರೆ ಎನ್ನುವಷ್ಟರ ಮಟ್ಟಿಗೆ ಮಾತ್ರ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರಬಹುದೆಂಬ ಅನುಮಾನವೇ ಬಂದಿರಲಿಲ್ಲ. ಹಿರಿಯರು ಭೂಗೋಳ ಕಲಿಸಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಅವರಿಗೆ 'ಮೇಷ್ಟ್ರು' ಎಂದೇ ಹೆಸರು. ಆ ದಿನ ಅವರು ನನ್ನನ್ನೂ ಕೆಸರಿನಲ್ಲಿ ಮಂಡಿಯೂರಿಸಿ ಪಾಠ ಶುರುಮಾಡಿದರು.

ಹೂವಿಗೆ ಹೊರಗೆ ಮೂರು ಉದ್ದ ಎಸಳು, ಒಳಗೆ ಮೂರು ಗಿಡ್ಡ ಎಸಳು. ಒಳ ಎಸಳಿನ ತುದಿಯಲ್ಲಿ ಒಂದು ಸಣ್ಣ ಕಚ್ಚು, ಕಚ್ಚಿನ ಸುತ್ತ ಹಸಿರು ಗುರುತು. ಸ್ನೋಡ್ರಾಪ್ ಸಂಗ್ರಹಿಸುವವರ ಹುಚ್ಚಿನ ಬಹುಪಾಲು ಈ ಹಸಿರು ಗುರುತಿನದೇ. ಕೆಲವದರಲ್ಲಿ ಅದು ಬೋರಲು ಹಾಕಿದ ಲಾಳ, ಕೆಲವದರಲ್ಲಿ ಎರಡು ಚುಕ್ಕೆ. 'ಗ್ರಂಪಿ' ಎಂಬ ತಳಿಯಲ್ಲಂತೂ ಎರಡು ಕಣ್ಣು, ಕೆಳಗೆ ಜೋತುಬಿದ್ದ ಬಾಯಿ. ಕಾಫಿಗೆ ಸಕ್ಕರೆ ಹಾಕಲು ಮರೆತಾಗ ನಮ್ಮ ದೊಡ್ಡಪ್ಪ ಕೂರುತ್ತಿದ್ದ ಹಾಗೆಯೇ. ಆದರೆ ಹೂವು ನೆಲ ನೋಡುವುದರಿಂದ ಇದಾವುದೂ ನಿಂತವನಿಗೆ ಕಾಣುವುದಿಲ್ಲ. ಮಳೆ, ಹಿಮ ಪರಾಗವನ್ನು ನೆನೆಸದಿರಲಿ ಎಂದು ಹೂವು ಬಗ್ಗುತ್ತದೆ. ಅದನ್ನು ನೋಡಲು ಮನುಷ್ಯ ಅದಕ್ಕಿಂತ ಹೆಚ್ಚು ಬಗ್ಗಬೇಕು.

ಗುರುತು ಮೋಸ ಮಾಡಿದರೆ ಎಲೆ ನೋಡಬೇಕು ಎಂದರು ಮೇಷ್ಟ್ರು. ಸಾಮಾನ್ಯ ಜಾತಿಯದಕ್ಕೆ ಎರಡು ಎಲೆಗಳು ಕೈಮುಗಿದಂತೆ ಒಂದಕ್ಕೊಂದು ಚಪ್ಪಟೆಯಾಗಿ ಮೂಡುತ್ತವೆ. ಎಲ್ವೆಸೈ ಜಾತಿಯಲ್ಲಿ ಒಂದು ಎಲೆ ಇನ್ನೊಂದನ್ನು ಬಾಳೆಯ ಸುಳಿಯ ಹಾಗೆ ಸುತ್ತಿಕೊಂಡಿರುತ್ತದೆ. ಪ್ಲಿಕೇಟಸ್‌ಗೆ ಎಲೆಯ ಎರಡೂ ಅಂಚು ಹಿಂದಕ್ಕೆ ಮಡಿಸಿಕೊಂಡು ಸೀರೆಯ ನೆರಿಗೆಯಂತಿರುತ್ತದೆ. ಇವುಗಳ ತವರು ಬೇರೆ ಬೇರೆ. ಎಲ್ವೆಸೈಯನ್ನು 1874ರಲ್ಲಿ ಟರ್ಕಿಯ ಪಶ್ಚಿಮ ಭಾಗದಲ್ಲಿ ಕಂಡು ತಂದವನು ಹೆನ್ರಿ ಜಾನ್ ಎಲ್ವೆಸ್. ಪ್ಲಿಕೇಟಸ್ ಕ್ರೈಮಿಯಾದ್ದು, ಅಲ್ಲಿನ ಯುದ್ಧದಿಂದ ಮರಳಿದ ಸೈನಿಕರೂ ಅದರ ಗೆಡ್ಡೆ ತಂದರೆಂದು ಹೇಳುತ್ತಾರೆ. ಬೆಟ್ಟ, ಸಮುದ್ರಗಳ ಆಚೀಚೆ ಇದ್ದು ಹೆಚ್ಚಾಗಿ ಮುಖ ನೋಡದ ಜಾತಿಗಳು ಇಂಗ್ಲೆಂಡಿನ ತೋಟಗಳಲ್ಲಿ ಅಕ್ಕಪಕ್ಕ ಬಂದು ಕೂತವು. ಜೇನ್ನೊಣಕ್ಕೆ ಜಾತಿಯ ಹಂಗೇನು? ಬೀಜವಾಯಿತು, ಇರುವೆ ಹೊತ್ತೊಯ್ದು ಬೇಲಿಯ ಸಂದಿಯಲ್ಲಿ ಬಿಟ್ಟಿತು, ಹೊಸದೊಂದು ಹುಟ್ಟಿತು. ಹೀಗೆ ಹುಟ್ಟಿ ಹೆಸರು ಪಡೆದ ತಳಿಗಳು ಸಾವಿರ ದಾಟಿವೆ.

ಇಂಥ ಸಂಗ್ರಾಹಕರನ್ನು ಇಲ್ಲಿ ಗ್ಯಾಲಂಥೊಫೈಲ್ ಎನ್ನುತ್ತಾರೆ. ಗ್ಯಾಲಂಥಸ್ ಎಂದರೆ ಗ್ರೀಕಿನಲ್ಲಿ ಹಾಲುಹೂವು. ಹಾಲಿನ ಬೆಲೆಯಲ್ಲಿ ಮಾತ್ರ ಸಿಗುವುದಿಲ್ಲ. 2015ರಲ್ಲಿ 'ಗೋಲ್ಡನ್ ಫ್ಲೀಸ್' ಎಂಬ ಹಳದಿ ಗುರುತಿನ ಒಂದೇ ಒಂದು ಗೆಡ್ಡೆ 1,390 ಪೌಂಡಿಗೆ ಹರಾಜಾಯಿತು. 2022ರಲ್ಲಿ 'ಗೋಲ್ಡನ್ ಟಿಯರ್ಸ್' 1,850 ಪೌಂಡಿಗೆ. ಆಗಿನ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷ ರೂಪಾಯಿಗೂ ಮೇಲೆ! ಬೆಳ್ಳುಳ್ಳಿ ಎಸಳಿಗಿಂತ ಸ್ವಲ್ಪ ದೊಡ್ಡ ವಸ್ತುವಿಗೆ. ಗೆಡ್ಡೆಯನ್ನು ಬ್ಲೇಡಿನಿಂದ ಚೂರುಚೂರು ಸೀಳಿ, ಪ್ರತಿ ಚೂರಿಗೂ ಬುಡದ ತುಣುಕು ಉಳಿಯುವಂತೆ ನೋಡಿಕೊಂಡರೆ ಒಂದು ಹತ್ತಿಪ್ಪತ್ತಾಗುತ್ತದಂತೆ. ಕೆಲವು ವರ್ಷಗಳಲ್ಲಿ ಬೆಲೆಯೂ ಇಳಿಯುತ್ತದೆ. ಕಾಯುವ ತಾಳ್ಮೆ ಇಲ್ಲದವನು ಹಣ ತೆರುತ್ತಾನೆ.

ಮುಂದಿನ ವಾರಾಂತ್ಯ ಮೇಷ್ಟ್ರು ನನ್ನನ್ನು ಕೋಲ್ಸ್‌ಬೋರ್ನ್ ಪಾರ್ಕಿಗೆ ಕರೆದೊಯ್ದರು. ಅದು ಆ ಎಲ್ವೆಸನ ಮನೆ, ಫೆಬ್ರವರಿಯ ಶನಿವಾರ ಭಾನುವಾರಗಳಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಅಲ್ಲಿನ ಕೆರೆಯ ನೀರಿನಲ್ಲಿ ಜೇಡಿಯ ಸಣ್ಣ ಕಣಗಳು ತೇಲುವುದರಿಂದ ಬಣ್ಣ ನವಿಲುನೀಲಿ. ಅಷ್ಟು ಚೆಂದದ ಕೆರೆಗೆ ಬೆನ್ನು ಹಾಕಿ ಹತ್ತಾರು ಜನ ನೆಲಕ್ಕೆ ಮೂಗು ತಾಗಿಸಿದ್ದರು. ಇಳಿಜಾರಿನ ಉದ್ದಕ್ಕೂ 'ಎಸ್. ಆರ್ನಟ್' ತಳಿಯ ದಟ್ಟ ಹಾಸು. ಬಿಸಿಲು ಬಿದ್ದು ಎಸಳು ಬಿಚ್ಚಿದಾಗ ಜೇನಿನ ವಾಸನೆ ನಿಜಕ್ಕೂ ಬಂತು. ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಆರ್ನಟ್ ಎಂಬಾತ ಕಳಿಸಿಕೊಟ್ಟ ಗೆಡ್ಡೆಯಾದ್ದರಿಂದ ಆ ಹೆಸರು. ಕೊಟ್ಟವನ ಹೆಸರು ಹೂವಿಗೆ ಅಂಟಿತು, ಅಷ್ಟೇ.

ಮರುದಿನ ಬೆಳಿಗ್ಗೆ ಸಾಗರದ ಹತ್ತಿರದ ನಮ್ಮೂರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲವನ್ನೂ ನಗುನಗುತ್ತ ಹೇಳಿದೆ.

"ತಿನ್ನಲು ಬರುತ್ತದೆಯೋ?" ಎಂದ ಅಪ್ಪ.

"ಇಲ್ಲಪ್ಪ, ಗೆಡ್ಡೆ ವಿಷ."

"ಮುಡಿಯಲು?"

"ಮುಡಿಯಲು ತೀರಾ ಚಿಕ್ಕದು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ದರೆ ನೋಡಿಯೇ ತೀರಬೇಕು ಬಿಡು. ನಾನು ಆಮೇಲೆ ಮಾತಾಡುತ್ತೇನೆ, ಮಾವಿನ ಮಿಡಿ ಕೊಯ್ಯುವವರು ಬಂದಿದ್ದಾರೆ. ಅನಂತಭಟ್ಟನ ಅಪ್ಪೆ ಎಂದು ಹೇಳಿ ಬೇರೆ ಯಾವುದೋ ತಂದುಬಿಟ್ಟಿದ್ದಾರೆ" ಎಂದು ಇಟ್ಟುಬಿಟ್ಟ.

ನಗು ಅರ್ಧಕ್ಕೇ ನಿಂತಿತು. ಅಪ್ಪ ಈಗ ಏನು ಮಾಡುತ್ತಾನೆಂದು ನನಗೆ ಚೆನ್ನಾಗಿ ಗೊತ್ತು. ಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಗಿಗೆ ಹಿಡಿಯುತ್ತಾನೆ. ಕಣ್ಣು ಮುಚ್ಚುತ್ತಾನೆ. ಜೀರಿಗೆಯ ವಾಸನೆಯೋ ಕರ್ಪೂರದ ವಾಸನೆಯೋ ಎಂದು ತೂಗುತ್ತಾನೆ. ಆಮೇಲೆ ತುದಿ ಕಚ್ಚಿ ಹುಳಿ ನೋಡಿ, "ಇದು ಹೊಳೆಯಾಚೆಯ ಮರದ್ದು" ಎಂದು ತೀರ್ಪು ಕೊಡುತ್ತಾನೆ. ಪೇಟೆಯವರ ಕಣ್ಣಿಗೆ ಎಲ್ಲವೂ ಒಂದೇ ಹಸಿರು ಮಿಡಿ. ನಮ್ಮಲ್ಲಿ ಒಂದೊಂದು ಮರಕ್ಕೂ ಒಂದೊಂದು ಹೆಸರು; ಕೆಲವಕ್ಕೆ ಮನುಷ್ಯರದು, ಕೆಲವಕ್ಕೆ ಕಟ್ಟೆಯದು, ಹಳ್ಳದ್ದು. ಒಳ್ಳೆಯ ಅಪ್ಪೆಯ ಕಸಿ ಕಡ್ಡಿಗಾಗಿ ಮಳೆಯಲ್ಲಿ ಮೂರು ಊರು ಅಲೆದವರನ್ನು ನಾನು ಕಂಡಿದ್ದೇನೆ. ಅಂಥ ಮನೆಯ ಕೂಸು ಮೇಷ್ಟ್ರ ಭೂತಗನ್ನಡಿಗೆ ನಗುವುದೆಂದರೆ! ಅಪ್ಪನ ಕಡೆಗೆ ಉಪ್ಪಿನಕಾಯಿಯ ನೆಪವಾದರೂ ಇದೆ. ಮೇಷ್ಟ್ರಿಗೆ ಅದೂ ಇಲ್ಲ, ಅವರದು ಇನ್ನೂ ಶುದ್ಧವಾದ ಹುಚ್ಚು.

ಹೂವು ಬಾಡಿ ಎಲೆ ಹಸಿರಾಗಿದ್ದಾಗಲೇ ಗೆಡ್ಡೆ ಕಿತ್ತು ಹಂಚುವುದು ಇವರ ಪದ್ಧತಿ. ಮಾರ್ಚಿನಲ್ಲಿ ಮೇಷ್ಟ್ರು ಒದ್ದೆ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಪೊಟ್ಟಣ ಕೊಟ್ಟರು, ನಾಲ್ಕಕ್ಕೂ ಚೀಟಿ. ನೆಟ್ಟು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಒಂದು ಕಪ್ಪುಹಕ್ಕಿ ಎರೆಹುಳು ಹುಡುಕುತ್ತ ಚೀಟಿಗಳನ್ನೆಲ್ಲ ಕಿತ್ತು ಹುಲ್ಲಿನ ಮೇಲೆ ಎಸೆದಿತ್ತು. ಯಾವುದು ಯಾವುದರದೆಂದು ಮರೆತೇಹೋಯಿತು. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮೈನ್ ಎಂಬ ಔಷಧವನ್ನು ಮೊದಲು ಬೇರ್ಪಡಿಸಿದ್ದು ಇದೇ ಗಿಡದ ಗೆಡ್ಡೆಯಿಂದ ಎಂದು ಮೇಷ್ಟ್ರು ಆಗ ಗಂಭೀರವಾಗಿ ತಿಳಿಸಿದರು.

ಈ ಫೆಬ್ರವರಿಯಲ್ಲಿ ಮೂರು ಹೂವಿಗೆ ಹೆಸರು ಸಿಕ್ಕಿತು. ನಾಲ್ಕನೆಯದು ಕಸದ ಡಬ್ಬಿಯ ಪಕ್ಕ ಅರಳಿತು. ಗುರುತು ಒಂದು ಜಾತಿ ಹೇಳುತ್ತದೆ, ಎಲೆ ಇನ್ನೊಂದು. ಮೇಷ್ಟ್ರು ಕೆಸರಿನಲ್ಲಿ ಅರ್ಧ ಗಂಟೆ ಮಲಗಿದ್ದು ಎದ್ದು, ನಾನು ಕೊಟ್ಟದ್ದಲ್ಲ, ಇನ್ನೆರಡು ಚಳಿಗಾಲ ನೋಡಬೇಕು, ಬೀಜದಿಂದ ಬಂದದ್ದೂ ಇರಬಹುದು ಎಂದರು. ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತೆಂದು ನನ್ನ ಅಂದಾಜು. ಅಪ್ಪನನ್ನು ಕೇಳಿದರೆ, "ಎಲ್ಲಿ ಸಿಕ್ಕಿತೋ ಅದೇ ಹೆಸರು, ಅದಕ್ಕೇನು ಪಂಚಾಂಗ ನೋಡಬೇಕೆ?" ಎಂದ.

ಹೊಸ ಚೀಟಿಯ ಮೇಲೆ ಕನ್ನಡದಲ್ಲಿ 'ಡಬ್ಬಿಬದಿ' ಎಂದು ಬರೆದು, ಹಕ್ಕಿಗೆ ಸಿಗದಂತೆ ಆಳಕ್ಕೆ ಚುಚ್ಚಿದ್ದೇನೆ. ಮೇಷ್ಟ್ರು ಅರ್ಥ ಕೇಳಲಿಲ್ಲ. ಉಚ್ಚಾರಣೆಯನ್ನು ಮಾತ್ರ ಮೂರು ಸಲ ಹೇಳಿಸಿಕೊಂಡು, ಕೆಸರಾದ ಕೈಯಲ್ಲೇ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರು.